ಹಾಲು ಬಾರದ ತೊಗಟೆ

ಅಪ್ಪ ಫ್ಲಾಸ್ಕಿನಿಂದ ಚಹಾ ಬಗ್ಗಿಸುವಾಗ ಎಡಗೈಯ ತೋರುಬೆರಳನ್ನು ಲೋಟದ ಅಂಚಿನಿಂದ ಒಳಕ್ಕೆ ಇಳಿಬಿಟ್ಟುಕೊಂಡಿದ್ದರು. ಚಹಾ ಏರುತ್ತ ಬಂದು ಉಗುರಿಗೆ ತಾಗಿದ ಕೂಡಲೇ ಫ್ಲಾಸ್ಕನ್ನು ನೆಟ್ಟಗೆ ಮಾಡಿದರು. ಬೆರಳನ್ನು ಹೆಗಲ ಮೇಲಿನ ಬೈರಾಸಿಗೆ ಒರೆಸಿಕೊಂಡು ಲೋಟವನ್ನು ನನ್ನ ಕಡೆಗೆ ಚಾಚಿ, “ಬಿಸಿ ಉಂಟು, ನೋಡಿಕೊಂಡು ಕುಡಿ” ಎಂದರು.

ಬಿಸಿ ಎಷ್ಟಿದೆ ಎಂದು ಆ ಹೊತ್ತಿಗೆ ಅವರಿಗಿಂತ ಚೆನ್ನಾಗಿ ತಿಳಿದವರು ಮನೆಯಲ್ಲಿ ಯಾರೂ ಇರಲಿಲ್ಲ.

ಅದು ಶುಕ್ರವಾರದ ಸಂಜೆ. ನಾನು ಮಣಿಪಾಲದಿಂದ ಆಗಷ್ಟೇ ಬಂದು, ಒದ್ದೆ ಕೊಡೆಯನ್ನು ಜಗಲಿಯ ಮೂಲೆಯಲ್ಲಿ ಬಿಡಿಸಿಟ್ಟು ಕುಳಿತಿದ್ದೆ. ಭಾನುವಾರ ಆಟಿ ಅಮಾವಾಸ್ಯೆ, ತುಳುವರ ಆಟಿ ತಿಂಗಳ, ಅಂದರೆ ಆಷಾಢದ, ಅಮಾವಾಸ್ಯೆ. ಆ ದಿನ ಬೆಳಕು ಹರಿಯುವ ಮೊದಲು ಅಪ್ಪ ಪಾಲೆ ಮರದ ತೊಗಟೆ ತರಬೇಕು. ಆ ತೊಗಟೆಯ ಕಷಾಯವನ್ನು ನಮ್ಮ ಮನೆಯವರು ಮಾತ್ರವಲ್ಲ, ನಮ್ಮ ಊರು ಇನ್ನಂಜೆಯ ಗದ್ದೆಯಂಚಿನ ಅಷ್ಟೂ ಮನೆಯವರು ಬಂದು ಕುಡಿಯುತ್ತಾರೆ. ಮಕ್ಕಳೂ ಕುಡಿಯುತ್ತಾರೆ. ಇಷ್ಟು ವರ್ಷ ಅದರಲ್ಲಿ ಯೋಚಿಸುವುದಕ್ಕೆ ಏನೂ ಇರಲಿಲ್ಲ. ಲೋಟದೊಳಗಿನ ಬೆರಳನ್ನು ನೋಡಿದ ಮೇಲೆ ನಾನು ಚಹಾ ಕುಡಿಯುತ್ತ ಅದನ್ನೇ ಯೋಚಿಸಿದೆ. ಕತ್ತಲೆಯಲ್ಲಿ, ಮಳೆಯಲ್ಲಿ, ದೀಪವಿಲ್ಲದೆ ಹೋಗಿ ಇವರು ಯಾವ ಮರದ ತೊಗಟೆ ತಂದಾರು?

ಅಪ್ಪ ಬಸ್ಸಿನ ಡ್ರೈವರ್ ಆಗಿದ್ದವರು. ಕಾರ್ಕಳದಿಂದ ಬೆಳ್ಮಣ್, ಶಿರ್ವ, ಕಟಪಾಡಿಯ ಮೇಲೆ ಉಡುಪಿಗೆ ಹೋಗುವ ಬಸ್ಸು. ಎರಡು ವರ್ಷಗಳ ಹಿಂದೆ ಒಂದು ದಿನ ಕೆಲಸ ಬಿಟ್ಟು ಬಂದರು. ಕೇಳಿದ್ದಕ್ಕೆ, “ಗೇರ್ ಹಾಕಿ ಹಾಕಿ ಭುಜ ಹೋಯಿತು” ಎಂದರು. ಅಮ್ಮ ಕೆಲವು ವಾರ ಆ ಭುಜಕ್ಕೆ ಎಣ್ಣೆ ತಿಕ್ಕಿದರು. ನಾನು ಕೂಡ ನಂಬಿದೆ. ನಮ್ಮದು ಒಬ್ಬರನ್ನೊಬ್ಬರು ಹೆಚ್ಚು ಪ್ರಶ್ನೆ ಕೇಳುವ ಮನೆಯಲ್ಲ.

ಪಾಲೆಯ ಬಗ್ಗೆ ತಿಳಿಯದವರಿಗಾಗಿ ಸ್ವಲ್ಪ ಹೇಳಬೇಕು. ಬೇರೆ ಕಡೆ ಇದನ್ನು ಹಾಲೆ ಮರ ಎನ್ನುತ್ತಾರೆ. ಆಯುರ್ವೇದದಲ್ಲಿ ಸಪ್ತಪರ್ಣ. ಕೊಂಬೆಯ ಒಂದೊಂದು ಗೆಣ್ಣಿನಲ್ಲಿ ಸುತ್ತಲೂ ಏಳು ಎಲೆಗಳು ಹಸ್ತದ ಹಾಗೆ ಬಿಚ್ಚಿಕೊಂಡಿರುತ್ತವೆ ಎಂಬುದು ಆ ಹೆಸರಿನ ಲೆಕ್ಕ. ಎಷ್ಟೋ ಗೆಣ್ಣುಗಳಲ್ಲಿ ಐದು, ಆರು ಕೂಡ ಇರುತ್ತವೆ. ತೊಗಟೆಗೆ ಏಟು ಬಿದ್ದರೆ ಬಿಳಿ ಹಾಲು ಒಸರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ, ಮಳೆಗಾಲದ ಹೊಟ್ಟೆನೋವಿಗೆ, ಚರ್ಮದ ಕಾಯಿಲೆಗೆ ಈ ತೊಗಟೆಯನ್ನು ವೈದ್ಯರು ಕೊಡುತ್ತಾರೆ. ನನ್ನ ಅಜ್ಜಿ ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟು ಬಂದ ದಿನಗಳಲ್ಲಿ ಕಾಲ್ಬೆರಳ ಸಂದಿಯ ಕೆಸರು ಹುಣ್ಣಿಗೆ ಇದರ ಹಾಲನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ಉರಿಗೆ ಕಣ್ಣು ಮುಚ್ಚಿ, ಬಾಯಲ್ಲಿ ಮಾತ್ರ “ತಂಪು, ತಂಪು” ಎನ್ನುತ್ತಿದ್ದರು. ಮರ ಹಗುರ, ಹಿಂದೆ ಮಕ್ಕಳು ಬರೆಯುವ ಹಲಗೆಯನ್ನು ಇದರಿಂದಲೇ ಮಾಡುತ್ತಿದ್ದರಂತೆ.

ಆಟಿ ಅಮಾವಾಸ್ಯೆಯಂದು ಈ ಮರದಲ್ಲಿ ಎಲ್ಲ ಔಷಧಿಗಳೂ ಬಂದು ಸೇರುತ್ತವೆ ಎಂಬುದು ನಮ್ಮ ತುಳುನಾಡಿನ ನಂಬಿಕೆ. ಹಿಂದಿನ ಸಂಜೆಯೇ ಹೋಗಿ ಮರಕ್ಕೆ ನಾರು ಕಟ್ಟಿ ಗುರುತು ಮಾಡಬೇಕು. ಮರುದಿನ ಸೂರ್ಯ ಹುಟ್ಟುವ ಮೊದಲು, ಯಾರ ಕಣ್ಣಿಗೂ ಬೀಳದೆ, ಯಾರೊಡನೆಯೂ ಮಾತಾಡದೆ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಕಬ್ಬಿಣ ತಾಗಬಾರದು. ಆ ತೊಗಟೆಯನ್ನು ಕರಿಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಅದರಲ್ಲಿ ಮುಳುಗಿಸುತ್ತಾರೆ. ಖಾಲಿ ಹೊಟ್ಟೆಗೆ ಅರ್ಧ ಲೋಟ. ಕಹಿ ನಾಲಿಗೆಯಿಂದ ಕಿವಿಯವರೆಗೆ ಹೋಗುತ್ತದೆ. ಆಮೇಲೆ ಬಾಯಿಗೆ ಬೆಲ್ಲದ ಚೂರು; ಹೊಟ್ಟೆ ತಂಪಾಗಲು ತೆಂಗಿನ ಹಾಲು ಹಾಕಿದ ಮೆಂತೆ ಗಂಜಿ. ನಾನು ಎಂ.ಎಸ್ಸಿ. ಮುಗಿಸಿ ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಎಲ್ಲ ಔಷಧಿಗಳೂ ಒಂದು ದಿನ ಒಂದು ಮರಕ್ಕೆ ಬರುವುದನ್ನು ಅಳೆಯುವ ಉಪಕರಣ ನಮ್ಮಲ್ಲಿಲ್ಲ. ಆದರೂ ಪ್ರತಿ ವರ್ಷ ಊರಿಗೆ ಬಂದು ಕುಡಿಯುತ್ತೇನೆ.

ನಮ್ಮ ಹತ್ತಿರದ ಪಾಲೆ ಮರ ಇರುವುದು ಬಾಯಮ್ಮನ ಹಿತ್ತಲಿನಲ್ಲಿ. ಬಾಯಮ್ಮ ಎಂದರೆ ಪಕ್ಕದ ಕ್ರೈಸ್ತ ಮನೆಯ ಹಿರಿಯ ಹೆಂಗಸು. ಕೊಂಕಣಿ ಮನೆಮಾತಿನವರು, ಮಲ್ಲಿಗೆ ಬೆಳೆಯುವವರು. ನನಗೆ ಬುದ್ಧಿ ತಿಳಿದಂದಿನಿಂದ, ಆಟಿ ಅಮಾವಾಸ್ಯೆಯ ಹಿಂದಿನ ರಾತ್ರಿ ಅವರು ನಾಯಿಯನ್ನು ಒಳಗೆ ಕಟ್ಟಿ ಹಿತ್ತಲಿನ ದೀಪ ಆರಿಸುತ್ತಾರೆ. ಅಪ್ಪ ಯಾರಿಗೂ ಕಾಣಬಾರದಲ್ಲ! ಬೆಳಕಾದ ಮೇಲೆ ಏನೂ ತಿಳಿಯದವರ ಹಾಗೆ ಒಂದು ಸ್ಟೀಲ್ ಲೋಟ ಹಿಡಿದು ನಮ್ಮ ಅಂಗಳಕ್ಕೆ ಬರುತ್ತಾರೆ. “ಎಂತ ಇವತ್ತು ಇಷ್ಟು ಜನ?” ಎಂದು ಕೇಳಿ ಎಲ್ಲರನ್ನೂ ನಗಿಸುತ್ತಾರೆ.

ಪಾಲೆಯ ಪಕ್ಕದಲ್ಲೇ, ಮೂರು ಮಾರು ದೂರದಲ್ಲಿ, ಒಂದು ಕಾಸರಕದ ಮರವೂ ಇದೆ. ಕಾಸರಕ ವಿಷದ ಮರ. ಅದರ ಬೀಜವನ್ನು ಶುದ್ಧಿ ಮಾಡಿ ಔಷಧಿಗೆ ಬಳಸುವ ವಿಧಾನ ತಿಳಿದವರಿದ್ದಾರೆ. ಆದರೆ ಹಸಿ ತೊಗಟೆಯ ರಸ ಕುಡಿದರೆ ಮೈಯ ಸ್ನಾಯುಗಳೆಲ್ಲ ಸೆಟೆದುಕೊಂಡು ಉಸಿರು ನಿಲ್ಲಬಹುದು. ಅದೂ ಕಹಿಯೇ. ಅರೆದ ಮೇಲೆ ನಾಲಿಗೆಗೆ ಗೊತ್ತಾಗುವುದಿಲ್ಲ.

ಹೋದ ವರ್ಷದ ಅಮಾವಾಸ್ಯೆಯಂದು ಬಾಯಮ್ಮ ಬರುವಾಗ ಲೋಟವನ್ನೇ ತಂದಿರಲಿಲ್ಲ. ಕೊಡೆಯೂ ಇಲ್ಲದೆ, ನೆನೆದುಕೊಂಡು, ಅಂಗಳದಲ್ಲಿ ಕುಳಿತವರನ್ನು ದಾಟಿ ನೇರ ಅಡುಗೆಮನೆಗೆ ಬಂದರು. ಅಮ್ಮ ಬೆಣಚುಕಲ್ಲು ಮುಳುಗಿಸಿ ಸೌಟು ತರಲು ತಿರುಗಿದ್ದರು. “ನಾನು ಹೊರಗೆ ತರುತ್ತೇನೆ” ಎಂದು ಬಾಯಮ್ಮ ಪಾತ್ರೆ ಎತ್ತಿದರು. ಅದು ಅವರ ಒದ್ದೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಿಸಿ ಕಷಾಯ ಅವರ ಕಾಲಿನ ಮೇಲೆಯೇ ಚೆಲ್ಲಿತು. ಒಂದು ತೊಟ್ಟೂ ಉಳಿಯಲಿಲ್ಲ.

“ಎತ್ತಲಿಕ್ಕೆ ಆಗದಿದ್ದರೆ ಯಾಕೆ ಎತ್ತಬೇಕು?” ಎಂದು ಅಮ್ಮ ಎಲ್ಲರ ಮುಂದೆ ಕೇಳಿದರು. ಬಾಯಮ್ಮ ಬಗ್ಗಿ ನೆಲ ಒರೆಸತೊಡಗಿದರು. ವರ್ಷದ ಕಷಾಯ ನೆಲದ ಪಾಲಾದದ್ದು ಅಮ್ಮನಿಗೆ ಅಪಶಕುನವಾಗಿ ಕಂಡಿತು. ಆಮೇಲೆ ನಮ್ಮ ಮನೆಯ ಹಲಸು ಆಚೆ ಹೋಗಲಿಲ್ಲ, ಅವರ ಮನೆಯ ಸಣ್ಣ ಎಂಬ ಉಬ್ಬಿದ ಇಡ್ಲಿ ಈಚೆ ಬರಲಿಲ್ಲ. ನೆರೆಯವರು ತಮಾಷೆಗೆ ಬಾಯಮ್ಮನನ್ನು ಕಂಡಾಗಲೆಲ್ಲ ಕೈಯಲ್ಲಿದ್ದ ಪಾತ್ರೆಯನ್ನು ಎದೆಗವಚಿಕೊಳ್ಳುತ್ತಿದ್ದರು. ಬಾಯಮ್ಮ ತಾವೂ ನಗುತ್ತಿದ್ದರು. ಕೆಲವು ದಿನ ಕುಂಟಿದರು.

ಶನಿವಾರ ಬೆಳಿಗ್ಗೆ ನಾನು ಹೂವು ಕೊಯ್ಯಲು ಅಂಗಳಕ್ಕೆ ಇಳಿದಾಗ ಬಾಯಮ್ಮ ಗೋಡೆಯ ಆಚೆಯಿಂದ ಕೈ ಬೀಸಿ ಕರೆದರು.

“ಬಾ ಮಗಾ ಇಲ್ಲಿ. ನಿನ್ನ ಅಮ್ಮ ನೋಡುತ್ತಾರಾ?”

“ಅಮ್ಮ ಒಳಗಿದ್ದಾರೆ.”

“ಒಳಗಿದ್ದರೂ ನನ್ನ ನೆರಳು ಕಂಡರೆ ಅವರಿಗೆ ತಲೆನೋವು ಬರುತ್ತದೆ. ಮರದ ಹಿಂದೆ ಬಾ.”

ಮಲ್ಲಿಗೆ ಗಿಡಗಳ ಸಾಲು ದಾಟಿ ಹೋದೆ. ಆಟಿಯ ಮಳೆಗೆ ಮೊಗ್ಗು ಅಷ್ಟಿಷ್ಟು ಮಾತ್ರ ಇತ್ತು. ಅವರು ಎರಡು ಮರಗಳ ನಡುವೆ ನಿಂತು, ಶಾಲೆಯ ಟೀಚರ್ ಹಾಗೆ ಬೆರಳು ತೋರಿಸಿದರು.

“ಇದು ಎಂತ ಮರ, ಹೇಳು ನೋಡುವಾ.”

“ಕಾಸರಕ.”

“ಅದು?”

“ಪಾಲೆ.”

“ಸರಿ. ಈಗ ಈ ಗಾಯ ನೋಡು.”

ಕಾಸರಕದ ಕಾಂಡದಲ್ಲಿ, ನನ್ನ ಎದೆಯ ಎತ್ತರಕ್ಕೆ, ಅಂಗೈ ಅಗಲದ ಹಳೆಯ ಗಾಯ ಇತ್ತು. ಅಂಚಿನಲ್ಲಿ ಹೊಸ ತೊಗಟೆ ದಪ್ಪಗಾಗಿ ಮುಚ್ಚಿಕೊಳ್ಳುತ್ತ ಬಂದಿತ್ತು. ಕತ್ತಿಯಿಂದ ಆದ ಗಾಯಕ್ಕೆ ನೇರ ಅಂಚು ಇರುತ್ತದೆ. ಇದು ಜಜ್ಜಿದ ಗಾಯ. ಮರವನ್ನು ಕಲ್ಲಿನಿಂದ ಜಜ್ಜುವ ದಿನ ನಮ್ಮ ಊರಿನಲ್ಲಿ ವರ್ಷಕ್ಕೆ ಒಂದೇ.

ನಾನು ಬಾಯಮ್ಮನ ಮುಖ ನೋಡಿದೆ. ಅವರು ತಲೆಯಾಡಿಸಿದರು.

“ಹೋದ ವರ್ಷ ಈ ಕಂಪೌಂಡ್ ಕಟ್ಟಿಸಿದೆವಲ್ಲ, ಗೇಟು ಈಚೆಗೆ ಬಂತು. ನಿನ್ನ ಅಪ್ಪ ಯಾವಾಗಲೂ ಆಚೆಯಿಂದ ಬಂದು ಅಭ್ಯಾಸ. ಆಚೆಯಿಂದ ಬಂದರೆ ಮೊದಲು ಸಿಗುವುದು ಪಾಲೆ, ಈಚೆಯಿಂದ ಬಂದರೆ ಕಾಸರಕ. ನಾನು ಮಲಗಿದಲ್ಲಿಂದಲೇ ಕಲ್ಲಿನ ಸದ್ದು ಕೇಳುತ್ತಿದ್ದೆ. ಸದ್ದು ಈ ಸಲ ಬೇರೆ ಕಡೆಯಿಂದ ಬರುತ್ತಾ ಉಂಟಲ್ಲ ಅಂತ ಅನಿಸಿತು. ಮಲಗಿದರೂ ಮನಸ್ಸು ಕೇಳಲಿಲ್ಲ, ಬೆಳಕಾಗುವ ಹೊತ್ತಿಗೆ ಎದ್ದು ಬಂದು ನೋಡಿದೆ. ಹಾಲೂ ಇಲ್ಲ, ಎಂತದೂ ಇಲ್ಲ. ಯೇಸುವೇ! ನಾನು ಓಡಿದ್ದು ಆ ದಿನ ಮಗಾ, ಮದುವೆಯಾದ ಮೇಲೆ ಹಾಗೆ ಓಡಿದ್ದಿಲ್ಲ.”

“ಮತ್ತೆ ಪಾತ್ರೆ?”

“ಪಾತ್ರೆ ಎಂತ ಪಾತ್ರೆ? ಬೀಳಿಸಿದ್ದು. ಅಷ್ಟು ಭಾರದ್ದನ್ನು ಬೀಳಿಸುವುದು ಸುಲಭ ಅಂತ ಎಣಿಸಬೇಡ.”

ನಾನು ಅವರ ಪಾದ ನೋಡಿದೆ. ಆಮೇಲೆ ಕೇಳಿದೆ, “ಆವತ್ತೇ ಹೇಳಬಹುದಿತ್ತಲ್ಲ ಬಾಯಮ್ಮ? ಅಪ್ಪನ ಹತ್ತಿರವಾದರೂ?”

“ಅಂಗಳದಲ್ಲಿ ಅಷ್ಟು ಜನ ಲೋಟ ಹಿಡಿದು ಕೂತಿದ್ದಾರೆ. ಇವರಿಗೆ ಕಣ್ಣು ಕಾಣುವುದಿಲ್ಲ, ವಿಷ ತಂದಿದ್ದಾರೆ ಅಂತ ನಾನು ಕಿರುಚಬೇಕಾ? ಬಸ್ಸು ಬಿಟ್ಟು ವರ್ಷ ಆಗಿತ್ತು ಅಷ್ಟೆ. ಮನುಷ್ಯ ಆಗಲೇ ಅರ್ಧ ಆಗಿದ್ದರು. ಆಮೇಲೆ ಒಂದೆರಡು ಸಲ ಹೇಳುವಾ ಅಂತ ಗೋಡೆಯವರೆಗೆ ಬಂದೆ. ನಿನ್ನ ಅಮ್ಮನ ಮುಖ ನೋಡಿ ವಾಪಸು ಹೋದೆ.” ಅವರು ಬುಟ್ಟಿಯಲ್ಲಿದ್ದ ಮೊಗ್ಗುಗಳನ್ನು ಸುಮ್ಮನೆ ಅಲುಗಿಸಿದರು. “ಈ ಕಾಸರಕವನ್ನೇ ಕಡಿಸಿಬಿಡುವಾ ಅಂತ ಯೋಚಿಸಿದೆ. ಮರ ಎಂತ ಮಾಡಿದೆ ಪಾಪ? ನೀನು ಹೇಳು ಮಗಾ. ನಿನ್ನ ಮಾತು ಅವರು ಕೇಳುತ್ತಾರೆ. ಪ್ರತಿ ವರ್ಷ ನನ್ನ ಕೈಯೇ ಜಾರಿದರೆ ಜನ ನಂಬುವುದಿಲ್ಲ.”

ಧನ್ಯವಾದ ಎನ್ನುವ ಶಬ್ದ ನನ್ನ ಬಾಯಿಗೆ ಬಂದು, ಅದು ತೀರ ಕಚೇರಿಯ ಶಬ್ದವಾಗಿ ಕಂಡು, ಹಿಂದೆ ಹೋಯಿತು. ಅವರ ಕೈಯಿಂದ ಬುಟ್ಟಿ ತೆಗೆದುಕೊಂಡು, ಸಾಲು ಮುಗಿಯುವವರೆಗೆ ಜೊತೆಗೆ ಮೊಗ್ಗು ಕೊಯ್ದೆ. ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ಕಂಡರು. ನಾನು ಕೊಯ್ಯುವುದನ್ನು ನಿಲ್ಲಿಸಲಿಲ್ಲ.

ಮುಸ್ಸಂಜೆಗೆ ಮಳೆ ಬಿಟ್ಟಿತ್ತು. ಅಪ್ಪ ಬಾಳೆ ನಾರು ಹಿಡಿದು ಮರಕ್ಕೆ ಗುರುತು ಕಟ್ಟಲು ಹೊರಟರು. ಮತ್ತೆ ಮಳೆ ಬಂದರೆ ಕೊಡೆ ಹಿಡಿಯುವ ನೆವದಲ್ಲಿ ನಾನೂ ಹೊರಟೆ. ಗೇಟು ದಾಟಿದ ಮೇಲೆ ಅವರ ನಡಿಗೆ ನಿಧಾನವಾಯಿತು. ಪಾದ ಎತ್ತಿ ಇಡುವ ಮೊದಲು ನೆಲವನ್ನು ಸ್ವಲ್ಪ ಕೇಳಿಕೊಂಡಂತೆ ಇಡುತ್ತಿದ್ದರು. ಇಷ್ಟು ದಿನ ಅದನ್ನು ನಾನು ವಯಸ್ಸು ಎಂದುಕೊಂಡಿದ್ದೆ. ಮರಗಳ ಹತ್ತಿರ ಬಂದು, ಕೈ ಮುಂದೆ ಚಾಚಿ, ಮೊದಲು ಸಿಕ್ಕಿದ ಕಾಂಡದ ಮೇಲೆ ಅಂಗೈ ಇಟ್ಟರು. ನಾರು ಬಿಚ್ಚತೊಡಗಿದರು.

“ಅಪ್ಪ, ಅದಲ್ಲ.”

ಅವರು ತಿರುಗಲಿಲ್ಲ. “ಯಾವುದಲ್ಲ?”

“ಅದು ಕಾಸರಕ.”

ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರ ಕೈ ಮರದ ಮೇಲೆಯೇ ಇತ್ತು. ಅದು ನಿಧಾನವಾಗಿ ಕಾಂಡವನ್ನು ಸವರುತ್ತ ಹೋಗಿ ಆ ಹಳೆಯ ಗಾಯದ ಅಂಚಿಗೆ ತಾಗಿ ನಿಂತಿತು.

“ಹೋದ ವರ್ಷ ನನ್ನ ಕೈಗೆ ಹಾಲು ಅಂಟಲಿಲ್ಲ” ಎಂದರು.

ನಾನು ಅವರ ಪಕ್ಕಕ್ಕೆ ಬಂದು ನಿಂತೆ.

“ಪಾಲೆಯ ಹಾಲು ಎರಡು ದಿನ ಉಗುರಿನಿಂದ ಹೋಗುವುದಿಲ್ಲ. ಆವತ್ತು ಕೈ ಚೊಕ್ಕ ಇತ್ತು. ಮಳೆಗೆ ತೊಳೆದುಹೋಯಿತು ಅಂತ ಎಣಿಸಿದೆ. ಎಣಿಸಿದ್ದಲ್ಲ, ಹಾಗೆಯೇ ಆಗಿರಲಿ ಅಂತ ಬೇಡಿಕೊಂಡೆ. ಜಗಲಿಯಲ್ಲಿ ಕೂತು, ಈಗ ಹೇಳುವಾ, ಈಗ ಹೇಳುವಾ ಅಂತ ಇರುವಾಗ ಒಳಗೆ ಪಾತ್ರೆ ಬಿದ್ದ ಸದ್ದು. ಎಲ್ಲರೂ ಅಯ್ಯೋ ಅಂದರು. ನನಗೆ ಮಾತ್ರ ಮೈಯೆಲ್ಲ ಹಗುರ ಆಯಿತು ಮಾರಾಯ್ತಿ. ಬಾಯಮ್ಮನ ಕಾಲು ಸುಟ್ಟಿತ್ತು, ನಿನ್ನ ಅಮ್ಮ ಬೈಯುತ್ತಿದ್ದಳು, ನಾನು ಖುಷಿಯಲ್ಲಿದ್ದೆ.”

“ಅವರ ಕೈ ಜಾರಿದ್ದಲ್ಲ ಅಪ್ಪ.”

ಆಗ ಅವರು ತಿರುಗಿದರು. ಬೆಳಿಗ್ಗೆ ಕೇಳಿದ್ದನ್ನು ನಾನು ಹಾಗೆಯೇ ಹೇಳಿದೆ. ಕೇಳಿ ಮುಗಿದ ಮೇಲೆ ಅವರು ಬೈರಾಸಿನಿಂದ ಮುಖ ಒರೆಸಿಕೊಂಡರು. ಮುಖದಲ್ಲಿ ಮಳೆಯ ನೀರೇನೂ ಇರಲಿಲ್ಲ.

“ಎಷ್ಟು ಕಾಣುತ್ತದೆ ನಿಮಗೆ?” ಎಂದು ಕೇಳಿದೆ. ನಮ್ಮ ಮನೆಯಲ್ಲಿ ಅದು ದೊಡ್ಡ ಪ್ರಶ್ನೆ.

“ನೇರ ನೋಡಿದರೆ ಕಾಣುತ್ತದೆ. ನಿನ್ನ ಮುಖ ಕಾಣುತ್ತದೆ. ಕೆಳಗೆ ಇಲ್ಲ, ಬದಿಗೆ ಇಲ್ಲ. ಕತ್ತಲಾದರೆ ಎಂತದೂ ಇಲ್ಲ.”

“ಮತ್ತೆ ಭುಜ?”

“ಭುಜಕ್ಕೆ ಎಂತ ಆಗಿದೆ? ಗಟ್ಟಿ ಉಂಟು.” ಅವರು ಸ್ವಲ್ಪ ನಕ್ಕರು. “ಶಿರ್ವದ ತಿರುವಿನಲ್ಲಿ ಒಬ್ಬ ಸೈಕಲಿನವ ನನಗೆ ಕಾಣಲೇ ಇಲ್ಲ. ಅವನೇ ಹಾರಿ ತೋಡಿನ ಬದಿಗೆ ಬಿದ್ದ. ಎಂತ ಆಗಲಿಲ್ಲ ಅವನಿಗೆ, ಎದ್ದು ಚೆನ್ನಾಗಿ ಬೈದ. ಆ ಬೈಗುಳ ಕೇಳಿ ನನಗೆ ಜೀವ ಬಂತು. ಮರುದಿನ ಕೀ ಕೊಟ್ಟು ಬಂದೆ.”

ಇನ್ನು ಕಷಾಯವೇ ಬೇಡ ಎಂದಾರು ಎಂದುಕೊಂಡೆ. ಅವರು ನಾರನ್ನು ನನ್ನ ಕೈಗೆ ಕೊಟ್ಟರು.

“ನೀನೇ ಕಟ್ಟು. ನಾಳೆ ನೀನೂ ಬಾ.”

“ಯಾರೂ ನೋಡಬಾರದಲ್ಲ?”

“ಅದು ಹಿಂದಿನವರು ಬಟ್ಟೆ ಇಲ್ಲದೆ ಹೋಗುತ್ತಿದ್ದರು, ಅದಕ್ಕೆ. ನಾನು ಗಟ್ಟಿ ಗಂಟು ಹಾಕಿ ಬೈರಾಸು ಉಡುವವ. ನೀನು ಮರ ನೋಡು, ಸಾಕು.”

ನಾನು ಪಾಲೆಯ ಕೆಳಗಿನ ಕೊಂಬೆಯನ್ನು ಬಗ್ಗಿಸಿ ಎಲೆಗಳನ್ನು ನೋಡಿದೆ. ಸುತ್ತಲೂ ಹಸ್ತದ ಹಾಗೆ ಇದ್ದವು. ಒಂದು ಎಲೆ ಮುರಿದೆ. ತೊಟ್ಟಿನಲ್ಲಿ ಹಾಲು ಬಂತು. ಅಪ್ಪನ ಬೆರಳಿಗೆ ಅದನ್ನು ಮುಟ್ಟಿಸಿ, ಆಮೇಲೆ ನಾರು ಕಟ್ಟಿದೆ.

ಭಾನುವಾರ ನಸುಕಿನಲ್ಲಿ ನಾವು ಮಾತಾಡದೆ ಹೊರಟೆವು. ಅವರ ಕೈ ನನ್ನ ಮೊಣಕೈಯ ಮೇಲಿತ್ತು. ಗೇಟಿನ ಹತ್ತಿರ ಬರುತ್ತಲೇ ಬಾಯಮ್ಮನ ಹಿತ್ತಲಿನ ದೀಪ ಬೆಳಗಿತು. ಇಷ್ಟು ವರ್ಷ ಈ ಹೊತ್ತಿಗೆ ಆರಿರುತ್ತಿದ್ದ ದೀಪ. ಅಪ್ಪ ನಿಂತು, ಸದ್ದಿಲ್ಲದೆ, ಹೊಟ್ಟೆ ಅಲುಗುವಂತೆ ನಕ್ಕರು. ನಾರು ಕಟ್ಟಿದ ಮರದ ಮುಂದೆ ಅವರನ್ನು ನಿಲ್ಲಿಸಿ ನಾನು ಪಕ್ಕಕ್ಕೆ ಸರಿದೆ. ಅವರು ತೊಗಟೆಯನ್ನು ಸವರಿ ಜಾಗ ಆರಿಸಿಕೊಂಡು ಕಲ್ಲಿನಿಂದ ಹೊಡೆದರು. ಮೊದಲ ಏಟಿಗೇ ಬೆಳ್ಳಗೆ ಒಸರಿತು. ಹೆಬ್ಬೆರಳು, ತೋರುಬೆರಳು ಸೇರಿಸಿ ಉಜ್ಜಿ, ಅಂಟು ಎಳೆಯುವುದನ್ನು ನೋಡಿಕೊಂಡು, ಆ ಎರಡು ಬೆರಳುಗಳನ್ನು ನನ್ನ ಮುಂದೆ ಹಿಡಿದರು. ನಾನೂ ಮುಟ್ಟಿ ನೋಡಿದೆ. ಆಮೇಲೆ ಅವರು ಬೇಕಾದಷ್ಟು ತೊಗಟೆ ತೆಗೆದರು.

ಬೆಳಕು ಹರಿದಾಗ ಅಂಗಳ ತುಂಬಿತ್ತು. ಬಾಯಮ್ಮ ಲೋಟ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದರು. ಕಾಪುವಿನಿಂದ ಮೀನು ತಂದು ಮನೆ ಮನೆಗೆ ಮಾರುವ ಅಕ್ಕ ಒಬ್ಬರು ನಮ್ಮ ಓಣಿಯ ಕೊನೆಯ ಮನೆಯವರು. ಅವರ ನಾಲಿಗೆಗೆ ಎಲ್ಲರೂ ಹೆದರುತ್ತಾರೆ. ಅವರು ಕೂಗಿದರು, “ಬಾಯಮ್ಮ, ಅಲ್ಲೇ ಇರಿ ನೀವು! ಈ ಸಲ ನಿಮಗೆ ಅಲ್ಲಿಗೇ ತಂದು ಕೊಡುತ್ತೇವೆ.” ಎಲ್ಲರೂ ನಕ್ಕರು. ಬಾಯಮ್ಮನೂ ನಕ್ಕರು. ಅಮ್ಮ ಪಾತ್ರೆಯನ್ನು ತಾವೇ ಎತ್ತಿ ತಂದು ಜಗಲಿಯ ಮೇಲಿಟ್ಟರು; ನಗಲಿಲ್ಲ.

ಅಪ್ಪ ಎದ್ದು ನಿಂತರು. ಬಸ್ಸಿನಲ್ಲಿ ಕೂಡ ಅವರು ದನಿ ಎತ್ತಿ ಮಾತಾಡಿದವರಲ್ಲ.

“ಕುಡಿಯುವ ಮೊದಲು ಒಂದು ಮಾತು” ಎಂದರು. “ಹೋದ ವರ್ಷ ನಾನು ತಂದದ್ದು ಪಾಲೆ ಅಲ್ಲ. ಕಾಸರಕ. ನನಗೆ ಕಣ್ಣು ಸರಿ ಕಾಣುವುದಿಲ್ಲ, ಅದನ್ನು ನಾನು ಯಾರಿಗೂ ಹೇಳಲಿಲ್ಲ. ಬಾಯಮ್ಮ ನೋಡಿ ಗೊತ್ತು ಮಾಡಿಕೊಂಡು ಬೇಕೆಂದೇ ಪಾತ್ರೆ ಬೀಳಿಸಿದ್ದು. ನನ್ನ ಮರ್ಯಾದೆ ಹೋಗುವುದು ಬೇಡ ಅಂತ ವರ್ಷವಿಡೀ ನಿಮ್ಮ ಬಾಯಿಗೆ ಬಿದ್ದರು.”

ಒಬ್ಬ ತಾಯಿ ತನ್ನ ಮಗುವನ್ನು ತೊಡೆಯ ಹತ್ತಿರಕ್ಕೆ ಎಳೆದುಕೊಂಡಳು. ಮೀನಿನ ಅಕ್ಕ ಕೈಯಲ್ಲಿದ್ದ ಲೋಟವನ್ನು ನೋಡಿದರು, ಅಪ್ಪನನ್ನು ನೋಡಿದರು.

“ಹಾಗಾದರೆ ಅಣ್ಣ, ಹೋದ ವರ್ಷ ನಮ್ಮನ್ನೆಲ್ಲ ನೇರ ಮೇಲಕ್ಕೆ ಕರೆದುಕೊಂಡು ಹೋಗುವ ಬಸ್ಸು ಹೊರಟಿತ್ತು ಅನ್ನಿ. ಡ್ರೈವರ್ ನೀವೇ.”

“ನಾನೇ.”

“ಬ್ರೇಕ್ ಹಾಕಿದ್ದು ಬಾಯಮ್ಮ.”

“ಹೌದು.”

“ಈ ಸಲದ್ದು?”

“ಈ ಸಲ ಮಗಳು ಜೊತೆಗೆ ಬಂದು ಮರ ನೋಡಿದ್ದಾಳೆ. ನಾನು ಹಾಲು ಮುಟ್ಟಿ ನೋಡಿದ್ದೇನೆ. ಮೊದಲು ನಾನು ಕುಡಿಯುತ್ತೇನೆ. ಬೇಡ ಅನ್ನುವವರು ಕುಡಿಯುವುದು ಬೇಡ, ನನಗೆ ಎಂತ ಬೇಸರ ಇಲ್ಲ.”

ಅವರು ಕುಡಿದರು. ಅಷ್ಟರಲ್ಲಿ ಬಾಯಮ್ಮ ಗೇಟಿನಿಂದ ಬಂದು ಅಮ್ಮನ ಮುಂದೆ ಲೋಟ ಹಿಡಿದರು. ಅಮ್ಮ ಸೌಟು ಹಿಡಿದವರು ಹಾಗೆಯೇ ನಿಂತಿದ್ದರು. “ಹಾಕಿ ಮಾರಾಯ್ರೆ, ನಾನು ಕುಡಿಯದೆ ಈ ವರ್ಷ ಯಾರೂ ಕುಡಿಯುವುದಿಲ್ಲ” ಎಂದರು ಬಾಯಮ್ಮ. ಅಮ್ಮ ಹಾಕಿದರು. ಲೋಟದ ಅಂಚಿನಿಂದ ಸ್ವಲ್ಪ ಚೆಲ್ಲಿತು. ನಾನು ಕುಡಿದೆ. ಆಮೇಲೆ ಮೀನಿನ ಅಕ್ಕ, ಮತ್ತೆ ಉಳಿದವರು. ಮಗುವನ್ನು ಎಳೆದುಕೊಂಡ ತಾಯಿ ಮಾತ್ರ ಲೋಟವನ್ನು ಜಗಲಿಯಲ್ಲಿ ಮೆಲ್ಲಗೆ ಇಟ್ಟು ಹೊರಟಳು. ಅಪ್ಪ ಅವಳ ಹೆಜ್ಜೆಯ ಸದ್ದು ಕೇಳಿ, “ಅವಳು ಮಾಡಿದ್ದು ಸರಿ” ಎಂದರು. ಗಂಜಿ ಮಾತ್ರ ಕಳಿಸಿಕೊಡಲು ನನಗೆ ಹೇಳಿದರು.

ನಾನು ಗಂಜಿ ಕೊಟ್ಟು ಬಂದಾಗ ಅಡುಗೆಮನೆಯಲ್ಲಿ ಅಮ್ಮ ಬಾಯಮ್ಮನನ್ನು ಮಣೆಯ ಮೇಲೆ ಕೂರಿಸಿದ್ದರು. ಅವರ ಪಾದದ ಮೇಲಿನ ಕಲೆಯನ್ನು ಬಗ್ಗಿ ನೋಡುತ್ತಿದ್ದರು.

“ಇದಕ್ಕೆ ಎಂತ ಹಚ್ಚಿದ್ದಿರಿ?”

“ಎಂತ ಹಚ್ಚುವುದು? ಲೋಳೆಸರ.”

“ನನ್ನ ಹತ್ತಿರ ಒಳ್ಳೆಯ ಎಣ್ಣೆ ಇತ್ತು. ಕೇಳಬಹುದಿತ್ತಲ್ಲ.”

“ಕೇಳುವುದು ಹೇಗೆ? ನೀವು ನನ್ನನ್ನು ಕಂಡರೆ ಕಿಟಕಿ ಹಾಕುತ್ತಿದ್ದಿರಿ.”

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬಾಯಮ್ಮ ಅವರ ಬೆನ್ನ ಮೇಲೆ ಕೈ ಇಟ್ಟು, “ಗಂಜಿ ತಣ್ಣಗಾಗುತ್ತದೆ, ಬಡಿಸಿ. ನನ್ನ ಪಾಲು ಎರಡು ವರ್ಷದ್ದು ಉಂಟು” ಎಂದರು. ನಾನು ಅಲ್ಲಿಂದ ಈಚೆ ಬಂದೆ. ಅವರಿಬ್ಬರ ನಡುವಿನದನ್ನು ನಾನು ನೋಡುವ ಅಗತ್ಯವಿರಲಿಲ್ಲ.

ಬಿದ್ದುಹೋದ ಆ ಪಾತ್ರೆಯ ಸುತ್ತ ಯಾರು ಯಾರು ಇದ್ದರು ಎಂದು ನಾನು ಈಗಲೂ ಕೆಲವೊಮ್ಮೆ ಮನಸ್ಸಿನಲ್ಲಿ ನೋಡಿಕೊಳ್ಳುತ್ತೇನೆ. ಅಮ್ಮ ಇದ್ದರು. ಅಪ್ಪ ಮೊದಲ ಲೋಟಕ್ಕೆ ಕಾಯುತ್ತಿದ್ದರು. ನಾನೂ ಇದ್ದೆ, ಬೇಗ ಕುಡಿದು ಮುಗಿಸೋಣ ಎಂಬ ಅವಸರದಲ್ಲಿ. ನಾವೆಲ್ಲ ಇವತ್ತು ಇರುವುದು ಒಬ್ಬ ಹೆಂಗಸು ತನ್ನ ಕಾಲು ಸುಟ್ಟುಕೊಂಡದ್ದರಿಂದ. ಅದನ್ನು ಅವರ ಮುಂದೆ ಹೇಳಲು ನನಗೆ ಇನ್ನೂ ಬಂದಿಲ್ಲ. ಶನಿವಾರಗಳಲ್ಲಿ ಊರಿಗೆ ಬಂದಾಗ ಮಲ್ಲಿಗೆ ಕೊಯ್ಯಲು ಹೋಗುತ್ತೇನೆ. ಅವರೂ ಯಾಕೆ ಬಂದೆ ಎಂದು ಕೇಳುವುದಿಲ್ಲ.

ಆ ಭಾನುವಾರ ರಾತ್ರಿ ಊಟ ಮಾಡುವಾಗ ಅಪ್ಪ ತಾವಾಗಿಯೇ, “ಮಣಿಪಾಲದಲ್ಲಿ ಕಣ್ಣಿನ ಡಾಕ್ಟ್ರು ಸೋಮವಾರ ಇರುತ್ತಾರಾ?” ಎಂದು ಕೇಳಿದರು. ಇರುತ್ತಾರೆ ಎಂದೆ. ಹೋದದ್ದು ವಾಪಸು ಬರುತ್ತದಾ ಎಂದರು. ಗೊತ್ತಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದೇನೋ ಎಂದೆ. ಅವರು ತಲೆಯಾಡಿಸಿ ಮಜ್ಜಿಗೆ ಹಾಕಿಸಿಕೊಂಡರು.

ಮರುದಿನ ಬೆಳಿಗ್ಗೆ ನಾನು ಪ್ರಯೋಗಾಲಯಕ್ಕೆ ರಜೆ ಹೇಳಿ ಅಪ್ಪನ ಜೊತೆ ಬಸ್ಸು ಹತ್ತಿದೆ. ಮಣಿಪಾಲದಲ್ಲಿ ನಾನು ಮೊದಲು ಇಳಿದು, ತಿರುಗಿ ನಿಂತು ಕೈ ಕೊಟ್ಟೆ. ಹಿಂದೆ ಇಳಿಯುವವರು ಅವಸರ ಮಾಡುತ್ತಿದ್ದರು, ಪರಿಚಯದ ಮುಖಗಳೂ ಇದ್ದವು. “ಅಪ್ಪ, ಮೆಟ್ಟಿಲು” ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. “ಇನ್ನೊಂದು.” ಅವರು ಇಳಿದರು. ರಸ್ತೆಯ ಅಂಚು, ಹೊಂಡ, ಆಸ್ಪತ್ರೆಯ ಮೆಟ್ಟಿಲುಗಳು, ಎಲ್ಲವನ್ನೂ ಒಂದೊಂದಾಗಿ ಹೇಳುತ್ತ ಕಣ್ಣಿನ ವಿಭಾಗದವರೆಗೆ ನಡೆದೆ.